ಅಕ್ಕ ಹಿಡಿದ ಸೀಟು

ಪೀಂ, ಪೀಂ, ಪೀಂ. ಮೆಟ್ರೋ ಬಾಗಿಲು ಮುಚ್ಚುವ ಮುಂಚಿನ ಆ ಸದ್ದು ಈಗಲೂ ಕಿವಿಯಲ್ಲಿದೆ. ನಾನು ಪ್ಲಾಟ್‌ಫಾರಂ ಮೇಲೆ, ಅಕ್ಕ ಗಾಜಿನ ಆಚೆ.

ಹೊಸೂರಿನಿಂದ ಬಸ್ಸಿನಲ್ಲಿ ಬೊಮ್ಮಸಂದ್ರಕ್ಕೆ ಬಂದು ಮೆಟ್ರೋ ಹತ್ತಿದ್ದೆವು. ಬೆಂಗಳೂರಿನಲ್ಲಿ ಮರೆವಿನ ಡಾಕ್ಟರ ಹತ್ತಿರ ಅಕ್ಕನಿಗೆ ಅಪಾಯಿಂಟ್‌ಮೆಂಟ್. ಮತ್ತಿಗಿರಿಯಲ್ಲಿ ನಮ್ಮ ಎದುರುಮನೆಯವರ ಹೆಸರು ಮರೆತಿದ್ದಳು, ತೀರಿಹೋದ ಭಾವನ ಊರು ಮರೆತಿದ್ದಳು. ನನ್ನನ್ನು ಇನ್ನೂ ಮರೆತಿರಲಿಲ್ಲ. ಮುಂದಿನ ಸರದಿ ನನ್ನದೇನೋ ಎಂಬ ಭಯ ಸಿಲ್ಲಿ ಅನ್ನಿಸುತ್ತಿತ್ತು, ಆದರೂ ಬಿಡುತ್ತಿರಲಿಲ್ಲ.

"ಡಾಕ್ಟ್ರಿಗೆ ಏನಂತ ಹೇಳ್ತೀಯೇ?"

"ನಿನಗೆ ಮರೆವು ಅಂತ."

"ಬಸ್ಸಲ್ಲಿ ಕನ್ನಡಕ ಬಿಟ್ಟು ಇಳಿದೋಳು ನೀನು. ಮೊದ್ಲು ನಿಂಗೇ ತೋರ್ಸೋಣ ಕಣೇ!"

ಆರ್.ವಿ. ರೋಡಿನಲ್ಲಿ ರೈಲು ಬದಲಾಯಿಸಬೇಕು. ಹೊಸೂರು ಬಸ್‌ಸ್ಟ್ಯಾಂಡಿನಲ್ಲಿ ನಮ್ಮದೊಂದು ಪದ್ಧತಿ: ಬಸ್ಸು ನಿಲ್ಲುವ ಮೊದಲೇ ಒಬ್ಬರು ಓಡಿ, ಕಿಟಕಿಯಿಂದ ಕರ್ಚೀಫ್ ಎಸೆದು ಸೀಟು ಹಿಡಿಯಬೇಕು, ಇನ್ನೊಬ್ಬರು ಲಗೇಜ್ ಹೊತ್ತು ನಿಧಾನಕ್ಕೆ ಬರಬೇಕು. ಓಡುವುದು ಯಾವತ್ತೂ ಅಕ್ಕನ ಡ್ಯೂಟಿ. ಕಾನ್ವೆಂಟಿನ ಸಿಸ್ಟರ್‌ಗಳ 'ಲೇಡೀಸ್ ಡೋಂಟ್ ರನ್' ನನಗೆ ಹತ್ತಿತ್ತು, ಅವಳಿಗೆ ಹತ್ತಲಿಲ್ಲ. ರೈಲು ಬಂದದ್ದೇ ತಡ, "ಬ್ಯಾಗು ತಗೊಂಡ್ ಬಾ" ಎಂದು ಜನರ ನಡುವೆ ತೂರಿಯೇಬಿಟ್ಟಳು. ನಾನು ತಲುಪುವಷ್ಟರಲ್ಲಿ ಬಾಗಿಲು ಕೂಡಿಕೊಂಡಿತು. ಒಳಗೆ ಅಕ್ಕ, ಪಕ್ಕದ ಸೀಟಿನ ಮೇಲೆ ಕರ್ಚೀಫ್ ಹಾಸಿ ಅಂಗೈ ಊರಿ ಕೂತಿದ್ದಳು.

ಯೂನಿಫಾರಂ ಹಾಕಿದ್ದ ಹುಡುಗಿಯೊಬ್ಬಳು ವಾಕಿಟಾಕಿಯಲ್ಲಿ ಮುಂದಿನ ಸ್ಟೇಷನ್ನಿಗೆ ಹೇಳಿದಳು. ಸ್ವಲ್ಪ ಹೊತ್ತಿಗೆ ಅದರೊಳಗಿಂದ ಗಂಡುದನಿ ಕರಕರ ಎಂದಿತು: "ಅಜ್ಜಿ ಸಿಕ್ರು, ಇಳಿಸ್ಕೊಂಡ್ವಿ. ಏಳೋಕೇ ಒಪ್ಲಿಲ್ಲ. ಸೀಟು ಹಿಡ್ದಿದ್ದೀನಿ ಅಂತಾರೆ. ಯಾರಿಗೆ ಅಂದ್ರೆ ಗೊತ್ತಿಲ್ವಂತೆ."

ಹುಡುಗಿ ನಕ್ಕಳು. ನಾನೂ ಪೊಲೈಟಾಗಿ ನಕ್ಕೆ. ಮುಂದಿನ ರೈಲು ಹತ್ತಿದೆ.

ಜಯನಗರ ಸ್ಟೇಷನ್ನಿನ ಬೆಂಚಿನ ಮೇಲಿದ್ದ ಅಕ್ಕ ನನ್ನನ್ನು ಕಂಡದ್ದೇ ಶುರು ಮಾಡಿದಳು. "ಎಲ್ಲಿ ಹೋಗ್ಬುಟ್ಟಿದ್ದೆ? ಒಳ್ಳೇ ಸೀಟು, ಹಾಳ್ಮಾಡ್ಬುಟ್ಟೆ!" ಬೈಸಿಕೊಂಡು ಅಷ್ಟು ಹಾಯೆನಿಸಿದ್ದು ಅದೊಂದೇ ಸಲ. ಡಾಕ್ಟರು ನನ್ನನ್ನು ತೋರಿಸಿ ಇವರು ಯಾರು ಎಂದಾಗ, "ನನ್ ತಂಗಿ, ಇನ್ಯಾರು?" ಎಂದು ಗದರಿದಳು. ಸ್ಕ್ಯಾನ್ ಬಗ್ಗೆ ಅವರು ಆಮೇಲೆ ಹೇಳಿದ್ದೊಂದೂ ನನ್ನ ತಲೆಗೆ ಹೋಗಲಿಲ್ಲ. ತಂಗಿ ಅಂದಳಲ್ಲ, ಅಷ್ಟು ಸಾಕಿತ್ತು ನನಗೆ.

ಆಮೇಲೆ ಅಕ್ಕನನ್ನು ಅವಳ ಮಗಳು ಕೃಷ್ಣಗಿರಿಯ ತನ್ನ ಮನೆಗೆ ಕರೆದುಕೊಂಡು ಹೋದಳು. ಕೊನೆಯ ಸಲ ನೋಡಿದ್ದು ಅಲ್ಲೇ, ಮಾವಿನ ಕಾಲದಲ್ಲಿ. ಅಕ್ಕ ವೆರಾಂಡದಲ್ಲಿದ್ದಳು. ಮನೆಮಂದಿಯ ಜೊತೆ ನಮ್ಮದು ಹುಟ್ಟಿದಂದಿನಿಂದ ಕನ್ನಡ. ತಮಿಳು ಆಫೀಸಿಗೆ, ಗುರುತಿಲ್ಲದವರಿಗೆ. ನನ್ನನ್ನು ಕಂಡು ಎದ್ದು ನಿಂತು, ಸೆರಗು ಸರಿಮಾಡಿಕೊಂಡು, ತುಂಬ ಮರ್ಯಾದೆಯಿಂದ ಕೇಳಿದಳು: "ವಾಂಗಮ್ಮಾ, ಯಾರು ವೇಣುಂ?" ಬನ್ನಿ, ಯಾರು ಬೇಕಾಗಿತ್ತು?

ನಾನೂ ತಮಿಳಿನಲ್ಲೇ, ನಿಮ್ಮ ಮಗಳನ್ನು ನೋಡಬೇಕಿತ್ತು ಎಂದೆ. ಒಳಗಿದ್ದಾಳೆ, ಕರೆಯುತ್ತೇನೆ ಎಂದು ಗೋಡೆ ಹಿಡಿದುಕೊಂಡು ಒಳಗೆ ಹೋದಳು.