ನೀಲವ್ವನ ರಾಟಿಗೊಂದು ಪೆಡಲ್

ಆ ಗುರುವಾರ ನಮ್ಮ ಮನೆಯಲ್ಲಿ ಜಗಳ ಆದದ್ದು ಒಂದು ಹಲಗೆಯ ಸಲುವಾಗಿ.

"ಇದನ್ನ ನಾ ಹ್ಯಾಂಗ ಒತ್ತಲಿ?" ಅಂದಳು ನನ್ನ ಹೆಂಡತಿ ನೀಲವ್ವ.

"ಕಾಲ ಇಡು, ಒತ್ತು. ಇಷ್ಟ ಇರೂದು."

"ನೀವ ಇಲ್ಲಿ ಕುಂತ ಒತ್ತಿ ತೋರಸ್ರಿ ಮತ್ತ."

ನಾನು ಕೂರಲಿಲ್ಲ. ನಿಂತೇ ಒತ್ತಿ ತೋರಿಸಿದೆ. ಅವಳ ನೂಲು ಸುತ್ತುವ ರಾಟಿಗೆ ನಾನು ಹಚ್ಚಿದ್ದ ಮೋಟರು ಗುಂಯ್ ಅಂತ ನಿಧಾನ ಶುರುವಾಯಿತು. ಒತ್ತಿದಷ್ಟೂ ವೇಗ ಏರಿತು. ಕಾಲು ತೆಗೆದರೆ ನಿಂತಿತು. ನನಗೆ ಅಷ್ಟೇ ಸಾಕಾಗಿತ್ತು.

"ಛಲೋ ಆಗೇತ್ರಿ, ನಿಮ್ಮ ಕಾಲಿಗೆ," ಅಂದು ನಕ್ಕಳು. ಮೋಟರನ್ನು ಪಕ್ಕಕ್ಕೆ ಸರಿಸಿ, ಹಳೆಯ ಹಾಗೆ ಕೈಯಿಂದಲೇ ರಾಟಿ ತಿರುಗಿಸತೊಡಗಿದಳು.

"ಐತವಾರ ನೋಡತೀನಿ," ಅಂದೆ, ಸಿಟ್ಟಿನಲ್ಲಿ.

ಮರುದಿನ ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದವಳು ಎದೆ ಹಿಡಿದುಕೊಂಡಳು. ಜಮಖಂಡಿಯ ದವಾಖಾನೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಕೆಲವು ವಾರ ಈ ಅಂಕಣ ಯಾಕೆ ಬರಲಿಲ್ಲ ಅಂತ ಕೇಳಿದಿರಲ್ಲ, ಕಾರಣ ಇದು.

ಹೊಸಬರಿಗೆ ಒಂದು ಮಾತು ಹೇಳಬೇಕು. ನಾನು ಬನಹಟ್ಟಿಯ ಕೈಮಗ್ಗದ ನೇಕಾರ. (ಬರೆಯುವುದು ಆಮೇಲೆ ಹತ್ತಿದ ಚಟ.) ಸೀರೆ ನೇಯುವವನು ನಾನು. ಲಾಳಿಯೊಳಗೆ ಹಾಕುವ ಕಂಡಿಕೆಗಳಿಗೆ ನೂಲು ಸುತ್ತಿ ಕೊಡುತ್ತಿದ್ದವಳು ಅವಳು. ಬಲಗೈಯಲ್ಲಿ ರಾಟಿ ತಿರುಗಿಸಬೇಕು, ಎಡಗೈಯಲ್ಲಿ ನೂಲು ಹಿಡಿಯಬೇಕು. ಇಪ್ಪತ್ತೆಂಟು ವರ್ಷ ತಿರುಗಿಸಿ ಅವಳ ಬಲಭುಜ ಹಿಡಿದುಕೊಂಡಿತ್ತು. ತಲೆ ಬಾಚಿಕೊಳ್ಳಲೂ ಕೈ ಏಳುತ್ತಿರಲಿಲ್ಲ. ಅವಳ ನೋವು ಒಂದಿಷ್ಟಾದರೂ ಕಡಿಮೆಯಾಗಲಿ ಅಂತಲೇ ನಾನು ಮೋಟರಿಗೆ ಕೈ ಹಾಕಿದ್ದು.

ಹೊಲಿಗೆ ಮಷೀನಿನ ಹಳೆಯ ಮೋಟರು ಗುಜರಿಯಲ್ಲಿ ಸಿಕ್ಕಿತು. ಅದರ ಪೆಡಲ್ ಸಿಗಲಿಲ್ಲ. ಬರೀ ಸ್ವಿಚ್ ಹಾಕಿ ನೋಡಿದೆ. ಒಂದೇ ಸಲಕ್ಕೆ ಪೂರ್ತಿ ವೇಗ! ನೂಲು ಪಟ್ ಅಂತ ಹರಿಯಿತು. ನಿಧಾನ ಶುರುವಾಗಬೇಕು, ನೂಲು ಹರಿದರೆ ತಟ್ಟನೆ ನಿಲ್ಲಬೇಕು. ಎಡಗೈಯಲ್ಲಿ ನೂಲು, ಬಲಗೈಗೆ ನೋವು; ಇದನ್ನೆಲ್ಲ ಮಾಡುವವರು ಯಾರು? ಕಾಲು. ಹೀಗಾಗಿ ಒಂದು ಹಲಗೆಗೆ, ಒತ್ತಿದರೆ ಬಾಗುವ ಹಾಗೆ, ಬಾಗಿಲಿಗಿರುವಂಥ ಬಿಜಾಗರಿ ಹಚ್ಚಿದೆ. ಸೈಕಲ್ಲಿನ ಬ್ರೇಕ್ ವಾಯರನ್ನು ಅದಕ್ಕೂ ಫ್ಯಾನ್ ರೆಗ್ಯುಲೇಟರಿಗೂ ಕಟ್ಟಿದೆ. ಹಲಗೆ ಹಿಂದಕ್ಕೆ ಬರಲಿ ಅಂತ ಒಂದು ಸ್ಪ್ರಿಂಗ್. ಮೂರು ವಾರದ ಕೆಲಸ.

ಕಾರ್ಯಗಳೆಲ್ಲ ಮುಗಿದವು. ನೆಂಟರು ಹೋದರು. ಮಕ್ಕಳಿಲ್ಲದ ಮನೆ ನಮ್ಮದು. ಅವಳು ಸುತ್ತಿಟ್ಟ ಕಂಡಿಕೆಗಳು ಬುಟ್ಟಿಯಲ್ಲಿದ್ದವು. ಮಗ್ಗಕ್ಕೆ ಕೂತರೆ ಅವು ತೀರಿಹೋಗುತ್ತವೆ ಅಂತ ಕೂರಲಿಲ್ಲ. ಸುತ್ತಲೂ ಮಗ್ಗಗಳ ಸಪ್ಪಳ, ನಮ್ಮ ಮನೆ ಮಾತ್ರ ಗಪ್ಪು. ಒಂದು ಮಧ್ಯಾಹ್ನ ಸುಮ್ಮನೆ ಅವಳ ಜಾಗದಲ್ಲಿ, ರಾಟಿಯ ಮುಂದೆ ಕೂತೆ.

ಆಗ ತಿಳಿಯಿತು. ರಾಟಿ ತಿರುಗಿಸುವವರ ಹಾಗೆ ನೆಲದ ಮೇಲೆ ಕೂತು, ಒಂದು ಕಾಲು ಮಡಚಿ ಇನ್ನೊಂದು ಚಾಚಿದರೆ ಹಿಮ್ಮಡಿ ಮಾತ್ರ ನೆಲಕ್ಕೆ ತಾಗುತ್ತದೆ. ಅಂಗಾಲು ಎದುರಿನ ಗೋಡೆ ನೋಡುತ್ತದೆ. ನೆಲಕ್ಕೆ ಮಲಗಿಸಿದ ಹಲಗೆಯನ್ನು ಆ ಕಾಲು ಒತ್ತುವುದು ಹೇಗೆ?

ನನ್ನದು ಕುಣಿಮಗ್ಗ. ಕಾಲು ಇಳಿಬಿಟ್ಟು ಕುಣಿಯೊಳಗೆ ತುಳಿದು ತುಳಿದು, ಎಲ್ಲರ ಕಾಲೂ ಕೆಳಗೇ ತುಳಿಯುತ್ತವೆ ಅಂದುಕೊಂಡಿದ್ದೆ. ನಾನು ಪೆಡಲ್ ಮಾಡಿದ್ದು ನನಗೆ.

ಹಲಗೆಯನ್ನು ಎಬ್ಬಿಸಿ ನಿಲ್ಲಿಸಿದರೆ ಸಾಕಿತ್ತು. ನಾಲ್ಕು ಸ್ಕ್ರೂ ಕೆಲಸ. ಆದರೆ ಎಡಕ್ಕೋ, ಬಲಕ್ಕೋ? ಅವಳು ಯಾವ ಕಾಲು ಚಾಚುತ್ತಿದ್ದಳು?

ಕಣ್ಣು ಮುಚ್ಚಿ ನೆನೆದೆ. ಬಳೆ ಕಂಡವು. ಹರಿದ ನೂಲಿಗೆ ಗಂಟು ಹಾಕುವ ಬೆರಳು ಕಂಡವು. ಕಾಲು ಕಾಣಲಿಲ್ಲ. ಇಪ್ಪತ್ತೆಂಟು ವರ್ಷ, ನಾಲ್ಕು ಮಾರು ದೂರ!

ನಗಬೇಡಿ. ನಿಮ್ಮ ಮನೆಯಲ್ಲಿ ರೊಟ್ಟಿ ಬಡಿಯುವವರು ಯಾವ ಕಾಲು ಮಡಚಿ ಕೂರುತ್ತಾರೆ? ಎದ್ದು ಹೋಗಿ ನೋಡದೆ ಹೇಳಿ.

ಪಕ್ಕದ ಮನೆಯ ಕಸ್ತೂರಿಯನ್ನು ಕೇಳಿದೆ. ಅವಳದೂ ಕಂಡಿಕೆ ಸುತ್ತುವ ಕೆಲಸವೇ. ಎಷ್ಟೋ ಮಧ್ಯಾಹ್ನ ಇಬ್ಬರೂ ಜೋಡಿಯಾಗಿ ಕೂತು ಸುತ್ತಿದವರು.

"ಇದೇನ ಕೇಳತೀರಿ ಅಣ್ಣಾರ? ಎಡಗಾಲ. ಎಡ ಮೊಣಕಾಲ ಮಡಚಾಕ ಬರತಿದ್ದಿಲ್ಲಲ್ಲರಿ ಅಕ್ಕಗ. ಹ್ವಾದ ದೀಪಾವಳಿಯಿಂದ ಬಾತಿತ್ತ. ನಿಮಗ ಹೇಳಿದ್ದಿಲ್ಲೇನ?"

"ಹೇಳಿದ್ಲು," ಅಂದೆ.

ಸುಳ್ಳು. ಅವಳು ಹೇಳಿರಲಿಲ್ಲವೋ, ಮಗ್ಗದ ಸಪ್ಪಳದಲ್ಲಿ ನನಗೆ ಕೇಳಿಸಿರಲಿಲ್ಲವೋ.

ಹಲಗೆಯನ್ನು ಎಡಕ್ಕೆ ನಿಲ್ಲಿಸಿದೆ. ಸ್ಪ್ರಿಂಗ್ ಸಡಿಲ ಮಾಡಿದೆ. ಕಸ್ತೂರಿ ಕೂತು ಒಂದು ಕಂಡಿಕೆ ಸುತ್ತಿದಳು. ನೂಲು ಹರಿಯಲಿಲ್ಲ.

"ಭಾಳ ಛಲೋ ಆಗೇತ್ರಿ. ಆದ್ರ ನಂದು ಬಲಗಾಲ. ಈ ಕಡೆ ಹಚ್ಚಿಕೊಟ್ರ ನಿಮ್ಮ ಕಂಡಿಕಿನೂ ನಾನ ಸುತ್ತಿಕೊಡ್ತೀನಿ."

"ನೀಲವ್ವಗ ಆಗತಿತ್ತೇನು?" ಅಂತ ಕೇಳಿದೆ. "ಆ ಮೊಣಕಾಲ ಇಟಗೊಂಡು?"

ಕಸ್ತೂರಿ ಹಲಗೆಯಿಂದ ಕಾಲು ತೆಗೆದಳು. "ನಾ ಹ್ಯಾಂಗ ಹೇಳಲ್ರಿ ಅಣ್ಣಾರ? ನೋವು ಅಕೀದು."

ಎರಡು ದಿನ ಬಿಟ್ಟು ಪೆಡಲನ್ನು ಬಲಕ್ಕೆ ಹಚ್ಚಿಕೊಟ್ಟೆ. ಮಗ್ಗ ಮತ್ತೆ ನಡೆದಿದೆ.

ಅವಳ ಎಡಗಾಲು ಇದನ್ನು ಒತ್ತಿದ್ದರೆ ನೋಯುತ್ತಿತ್ತೋ ಇಲ್ಲವೋ, ಹೇಳಬೇಕಾದವಳು ಇಲ್ಲ.