ಬೂದಿ ಬಣ್ಣದಲ್ಲಿ ಒಂದು ಹಳದಿ

ಅಮೆರಿಕದ ಲೈಲ್‌ನಿಂದ ಸ್ಟರ್ಲಿಂಗ್ ಹೈಟ್ಸ್‌ಗೆ ಕಾರಿನಲ್ಲಿ ಹೋಗುವ ದಾರಿಯಲ್ಲಿ, ಹೆದ್ದಾರಿ ಬದಿಯ ರೆಸ್ಟ್ ಏರಿಯಾದಲ್ಲಿ ಊಟಕ್ಕೆ ನಿಂತೆವು. ನಮ್ಮ ಆನ್‌ಲೈನ್ ಫೋಟೋ ಗುಂಪಿಗೆ ಸ್ಕಾಟ್ಲೆಂಡಿನ ಮೊಯ್ರಾ ವಾರಕ್ಕೊಂದು ಸ್ಕಾಟ್ಸ್ ಪದ ಕೊಡುತ್ತಾರೆ; ಅದಕ್ಕೊಪ್ಪುವ ಚಿತ್ರ ನಾವು ತೆಗೆಯಬೇಕು. ಈ ವಾರದ್ದು ‘ಡ್ರೀಖ್’, ಅಂದರೆ ಮೋಡ ಕವಿದ ಮಂಕು ದಿನ. ವಾರವಿಡೀ ಬಿಸಿಲು. ಕಳಿಸಲು ಕೊನೆಯ ದಿನವಾದ ಇಂದು ಮಾತ್ರ ಆಕಾಶ, ರಸ್ತೆ, ಬೆಂಚು ಎಲ್ಲವೂ ಬೂದಿ ಬಣ್ಣ. ನಾನು ಕ್ಲಿಕ್ಕಿಸುವ ಹೊತ್ತಿಗೆ ಸರಿಯಾಗಿ ನಮ್ಮ ಯಜಮಾನರು ಬೆಂಚಿನ ಮೇಲೆ ಚಿತ್ರಾನ್ನದ ಡಬ್ಬಿ ತೆರೆದಿಟ್ಟರು.

“ರೀ, ತೆಗೀರಿ ಅದನ್ನ! ಫೋಟೋದಲ್ಲಿ ಹಳದಿ ಬಂತು.”

“ನಿನ್ನ ಮೋಡ ಎಲ್ಲೂ ಓಡಿಹೋಗಲ್ಲ ಕಣೆ, ನಂಗೆ ಹಸಿವು.”

ಮೋಡ ಓಡಿಯೇ ಹೋಯಿತು, ಬಿಸಿಲು ಬಂತು. ಇದ್ದೊಂದು ಫೋಟೋವನ್ನೇ ಕಳಿಸಿದೆ.

ಮೊಯ್ರಾ ಬರೆದರು: “ಅಪ್ಪಟ ಡ್ರೀಖ್! ಆ ಹಳದಿ ಏನು? ಹತ್ತಿರದಿಂದ ತೋರಿಸಿ.”

ತಿರುಗಿ ನೋಡಿದರೆ ಯಜಮಾನರು ಡಬ್ಬಿ ತೊಳೆಯುತ್ತಿದ್ದರು. ಬೆಂಚಿನ ಮೇಲೊಂದು ಕರಿಬೇವಿನ ಎಲೆ ಉಳಿದಿತ್ತು. ಅದನ್ನೇ ಕ್ಲಿಕ್ಕಿಸಿದೆ.