ಆಯಿಯ ಫೋಟೊ ಮತ್ತು ತಿರುಗದ ಗುಂಡಿ

ನಾನೂ ಒಂದು ಕಾಲಕ್ಕೆ ಚಿಕ್ಕವಳಿದ್ದೆ. ನಗಬೇಡಿ! ನಿಮ್ಮ ಅಜ್ಜಿ ಹುಟ್ಟುವಾಗಲೇ ಬಿಳಿ ಕೂದಲು ಹೊತ್ತುಕೊಂಡು ಬಂದವಳಲ್ಲ. ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ, ಅಕ್ಕ ಉಟ್ಟು ಬಿಟ್ಟ ಲಂಗ, ಮೊಣಕಾಲಿನ ಮೇಲೆ ಯಾವಾಗಲೂ ಒಂದು ಗಾಯ, ಹೀಗಿದ್ದೆ ನಾನು. ಹತ್ತು ವರ್ಷ ತುಂಬಿತ್ತು. ಎಂಬತ್ತರ ದಶಕದ ಮಾತು ಇದು. ಸಿಂಧನೂರು ಕಡೆಯ ಜವಳಗೇರಾದ ಆಚೆ, ಕಾಲುವೆ ದಂಡೆಗೆ ಹತ್ತಿಕೊಂಡಿದ್ದ ನೀರಾವರಿಯವರ ಕ್ಯಾಂಪಿನಲ್ಲಿ ನಮ್ಮ ಮನೆ. ಅಪ್ಪನಿಗೆ ಕಾಲುವೆಯ ನೀರು ಅಳೆಯುವ ಕೆಲಸ. ತೂಬಿನ ಹತ್ತಿರ ಕಲ್ಲಿನ ಮೇಲೆ ಗೆರೆ ಬರೆದಿರುತ್ತಿದ್ದರು. ನೀರು ಯಾವ ಗೆರೆಗೆ ಬಂದಿದೆ ಎಂದು ನೋಡಿ ದಿನಕ್ಕೆ ಮೂರು ಸಲ ಬರೆದಿಡಬೇಕು.

ನೀರು ಅಳೆಯುವ ಅಪ್ಪನಿಗೆ ಬೆಳಕು ಅಳೆಯುವ ಹುಚ್ಚೂ ಇತ್ತು. ಒಬ್ಬ ಇಂಜಿನಿಯರ್ ಸಾಹೇಬರು ವರ್ಗವಾಗಿ ಹೋಗುವಾಗ ತಮ್ಮ ಹಳೆಯ ಕ್ಯಾಮೆರಾವನ್ನೂ ಬೆಳಕಿನ ಮೀಟರನ್ನೂ ಅಪ್ಪನ ಕೈಗೆ ಕೊಟ್ಟು ಹೋಗಿದ್ದರು. ಕ್ಯಾಮೆರಾ ಅಂದರೆ ಏನು ಭಾರ ಅಂತೀರಿ! ಕೊರಳಿಗೆ ಹಾಕಿಕೊಂಡರೆ ನನ್ನ ಕತ್ತು ಬಾಗುತ್ತಿತ್ತು. ಅದರ ಚರ್ಮದ ಚೀಲದಿಂದ ಹಳೇ ಚಪ್ಪಲಿ ಮತ್ತು ಕರ್ಪೂರ ಸೇರಿದ ಒಂದು ವಾಸನೆ ಬರುತ್ತಿತ್ತು. ಸಣ್ಣ ಕಿಂಡಿಯಲ್ಲಿ ಕಣ್ಣಿಟ್ಟರೆ ಮೊದಲು ಎಲ್ಲರೂ ಎರಡೆರಡು ಕಾಣುತ್ತಿದ್ದರು. ಎರಡು ಅಕ್ಕ, ಎರಡು ಎಮ್ಮೆ, ಎರಡು ಬೇವಿನ ಮರ. ಮುಂದಿನ ಮಸೂರದ ಸುತ್ತಲಿನ ಬಳೆ ತಿರುಗಿಸುತ್ತಾ ಹೋದ ಹಾಗೆ ಎರಡೂ ಜರುಗಿ ಜರುಗಿ ಒಂದಾಗಬೇಕು. ಒಂದಾದರೆ ಫೋಟೊ ಸ್ವಚ್ಛ ಬರುತ್ತಿತ್ತು.

ಮೀಟರು ಬೇರೆಯದೇ ಸಾಮಾನು. ಅಂಗೈಯಲ್ಲಿ ಹಿಡಿಯುವಷ್ಟು. ಬೆಳಕು ಬಿದ್ದಷ್ಟು ಅದರ ಮುಳ್ಳು ಏಳುತ್ತಿತ್ತು. ಮುಳ್ಳು ತೋರಿಸಿದ ಅಂಕಿ ನೋಡಿ ಕ್ಯಾಮೆರಾದ ಬಳೆಗಳನ್ನು ಹೊಂದಿಸಬೇಕು. ಮೊದಮೊದಲು ಅಪ್ಪ ಅದನ್ನು ಹೊಳೆಯುವ ಕಾಲುವೆ ನೀರಿಗೆ ಹಿಡಿದು, ಒಂದಿಡೀ ರೀಲಿನಲ್ಲಿ ನಮ್ಮೆಲ್ಲರ ಮುಖ ತವೆಯಷ್ಟು ಕಪ್ಪು ಮಾಡಿಬಿಟ್ಟಿದ್ದ. ಅವ್ವ ಒಂದು ತಿಂಗಳು ಆಡಿಕೊಂಡಳು. ಅಂದಿನಿಂದ ಮುಖದ ಹತ್ತಿರವೇ ಹಿಡಿಯುವ ರೂಢಿಯಾಯಿತು. ಮುಳ್ಳು ಓದುವುದು ಅಕ್ಕನ ಪಾಲಿಗೆ. ನನಗೆ ಮಾತ್ರ ಏನೂ ಇಲ್ಲ. ರೀಲು ಹಾಕುವುದನ್ನು ನನಗೆ ಕೊಡು ಅಂತ ಒಂದು ವರ್ಷ ಅಪ್ಪನ ತಲೆ ತಿಂದಿದ್ದೆ. ಕೆಟ್ಟುಹೋದ ಹಳೆಯ ರೀಲಿನಲ್ಲಿ ಅಪ್ಪ ಕಲಿಸಿಯೂ ಇದ್ದ. ಬೆನ್ನಿನ ಬಾಗಿಲು ತೆಗೆ, ಡಬ್ಬಿ ಕೂಡಿಸು, ರೀಲಿನ ನಾಲಿಗೆ ಎಳೆದು ಆ ಕಡೆಯ ಉರುಳೆಯ ಸೀಳಿನಲ್ಲಿ ಸಿಗಿಸು, ತೂತುಗಳು ಹಲ್ಲಿಗೆ ಕೂತವೋ ನೋಡು, ಮುಚ್ಚು. ರೀಲನ್ನು ಮುಂದೆ ಸರಿಸಲು ಕ್ಯಾಮೆರಾದ ಮೇಲೆ ಒಂದು ಸಣ್ಣ ಕಡ್ಡಿ ಇತ್ತು. ಆಮೇಲೆ ಒಂದೇ ಒಂದು ಪರೀಕ್ಷೆ.

"ಕಡ್ಡಿ ಎಳದಾಗ ಮ್ಯಾಲಿನ ಗುಂಡಿ ತಿರುಗಬೇಕು. ತಿರುಗಿದ್ರ ರೀಲು ಹೊಂಟೈತಿ. ತಿರುಗಲಿಲ್ಲಂದ್ರ ನಾವು ಬರೇ ಗಾಳಿಗೆ ಫೋಟೊ ಹೊಡ್ಯಾಕತ್ತೀವಿ ಅಂತ ತಿಳ್ಕೊ," ಅನ್ನುತ್ತಿದ್ದ ಅಪ್ಪ.

ಇನ್ನು ಆಯಿಯ ಮಾತು. ಆಯಿ ಅಂದರೆ ಅಪ್ಪನ ಅವ್ವ. ಅವಳಿದ್ದದ್ದು ಮಸ್ಕಿಯ ಆಚೆ ಪಾಮನಕಲ್ಲೂರಿನಲ್ಲಿ, ನಮ್ಮ ಕಾಕಾನ ಮನೆಯಲ್ಲಿ. ಅಕ್ಕನನ್ನು ಏಳು ವರ್ಷದವರೆಗೆ ಸಾಕಿದವಳು ಆಯಿಯೇ. ಅಕ್ಕನ ಜೀವ ಅವಳ ಹತ್ತಿರವೇ ಇತ್ತು. ಆದರೆ ಆಯಿಯದು ಒಂದೂ ಫೋಟೊ ಇರಲಿಲ್ಲ. ಕೇಳಿದರೆ ಹರಿಹಾಯುತ್ತಿದ್ದಳು. ಯಾಕೆಂದರೆ ಅವರ ಓಣಿಯಲ್ಲಿ ಗೋಡೆ ಮೇಲೆ ಫೋಟೊ ಇದ್ದದ್ದು ಬರೀ ಸತ್ತವರದು, ಅದೂ ಮಾಲೆ ಹಾಕಿದ್ದು. "ನಾ ಇನ್ನಾ ಗಟ್ಟಿ ಅದೀನಿ. ಈಗs ಮಾಲಿ ಹಾಕಾಕ ಅವಸರ ಆಗೈತೇನು ನಿಮಗ?" ಅನ್ನುತ್ತಿದ್ದಳು.

ಆ ವರ್ಷ ಮಳೆಗಾಲದಲ್ಲಿ ಅಕ್ಕನಿಗೆ ಲಿಂಗಸುಗೂರಿನ ಹಾಸ್ಟೆಲಿನಲ್ಲಿ ಸೀಟು ಸಿಕ್ಕಿತು. ಟ್ರಂಕಿನಲ್ಲಿ ಇಟ್ಟುಕೊಳ್ಳಲು ಆಯಿಯ ಫೋಟೊ ಒಂದಿದ್ದರೆ ಮಾತ್ರ ಹೋಗುತ್ತೇನೆ ಅಂತ ಅಕ್ಕ ಹಟ ಹಿಡಿದಳು. ಅಕ್ಕ ಶಾಲೆ ಬಿಟ್ಟಾಳು ಅನ್ನುವ ಹೆದರಿಕೆಗೆ ಆಯಿ ಸೋತಳು. "ಆಯ್ತು. ಆದ್ರ ಒಂದs ಸಲ ಕೂಡ್ತೀನಿ. ಎರಡನೇ ಸಲ ಕೇಳಿದ್ರ ನೋಡ್ರಿ!" ಎಂದು ಕರಾರು ಹಾಕಿ ಒಂದು ದಿನಕ್ಕೆ ಬಂದಳು. ರಾತ್ರಿ ಉಳಿಯುವವಳಲ್ಲ. ಅವಳ ಎಮ್ಮೆ ಅವಳ ಕೈಗೆ ಬಿಟ್ಟು ಬೇರೆಯವರಿಗೆ ಹಾಲು ಕೊಡುತ್ತಿರಲಿಲ್ಲ. ಐದರ ಬಸ್ಸು ಹಿಡಿದರೆ ಸಿಂಧನೂರಿನಲ್ಲಿ ಊರ ಕಡೆಯ ಕೊನೆಯ ಬಸ್ಸು ಸಿಗುತ್ತಿತ್ತು. ಅದು ತಪ್ಪಿದರೆ ಮರುದಿನವೇ.

ಬಂದವಳು ಚೀಲ ಬಿಚ್ಚಿದಳು. ಶೇಂಗಾ ಹೋಳಿಗೆ! ಮೇಲೆ ಮನೆಯ ತುಪ್ಪ ಬೇರೆ. ನಾನು ಎರಡೂ ಕೈಯಿಂದ ಹೊಡೆಯುತ್ತಿದ್ದಾಗಲೇ ಅಪ್ಪ ಕರೆದ. "ಬಾ, ಇವತ್ತು ರೀಲು ನೀನs ಹಾಕು."

ಕೈ ತೊಳೆದು ಬಾ ಅಂದರೆ ಅಷ್ಟರಲ್ಲಿ ಅಕ್ಕ ಹಾಕಿಬಿಟ್ಟಾಳು ಅಂತ ಲಂಗಕ್ಕೆ ಕೈ ಒರೆಸಿ ಓಡಿದೆ. ಬೇವಿನ ನೆರಳಿನಲ್ಲಿ ಕೂತು ಬಾಗಿಲು ತೆಗೆದೆ, ಡಬ್ಬಿ ಕೂಡಿಸಿದೆ. ರೀಲಿನ ನಾಲಿಗೆ ಸೀಳಿಗೆ ಹೋಗುತ್ತಿತ್ತು, ತುಪ್ಪದ ಬೆರಳು ಜಾರಿ ಹೊರಗೆ ಬರುತ್ತಿತ್ತು. ಮೂರನೇ ಸಲ ಹೇಗೋ ನಿಂತಿತು. ರೀಲಿನ ಮೇಲೆ ನನ್ನ ಬೆರಳಿನ ಜಿಡ್ಡು ಹೊಳೆಯುತ್ತಿತ್ತು. ಅಪ್ಪ ನೋಡಿದರೆ ಕತೆ ಮುಗಿಯಿತು ಅಂತ ಪಟ್ಟನೆ ಬಾಗಿಲು ಮುಚ್ಚಿ ಕೊಟ್ಟುಬಿಟ್ಟೆ.

ಅಂಗಳದಲ್ಲಿ ಆಯಿಯ ಮೆರವಣಿಗೆಯೇ ನಡೆದಿತ್ತು. ಅವ್ವ ತನ್ನ ಮದುವೆಯ ರೇಶ್ಮೆ ಸೀರೆ ಉಡಿಸಿದ್ದಳು. ಅಕ್ಕ ಪೌಡರು ಬಡಿದಿದ್ದಳು. ಕುರ್ಚಿಯ ಮೇಲೆ ಆಯಿ ಉಸಿರು ಬಿಗಿಹಿಡಿದು ಕೂತಿದ್ದಳು. ಅಕ್ಕ ಮೀಟರು ಗಲ್ಲದ ಹತ್ತಿರ ಒಯ್ದಾಗ ಬೆಚ್ಚಿ, "ಏನ್ ಬೇ ಇದು, ಜ್ವರ ನೋಡಾಕತ್ತೀಯೇನು?" ಅಂದಳು. ಎಲ್ಲರೂ ನಕ್ಕರು. ಅಪ್ಪ ಕಡ್ಡಿ ಎಳೆದ, ಟಿಕ್ ಅಂತ ಒತ್ತಿದ, ಮತ್ತೆ ಎಳೆದ.

ಗುಂಡಿ ತಿರುಗಲಿಲ್ಲ.

ನಾನು ಕಣ್ಣು ಉಜ್ಜಿಕೊಂಡು ನೋಡಿದೆ. ಎರಡನೇ ಸಲವೂ ತಿರುಗಲಿಲ್ಲ. ಅಪ್ಪನ ಗಮನವೆಲ್ಲ ಆಯಿಯ ಮುಖದ ಮೇಲಿತ್ತು. ಹೇಳಬೇಕು ಅನ್ನಿಸಿತು, ಆದರೆ ಹೆದರಿದೆ. ಹೇಳಿದರೆ ಕ್ಯಾಮೆರಾ ಇನ್ನೆಂದೂ ನನ್ನ ಕೈಗೆ ಬರುವುದಿಲ್ಲ. ಅಕ್ಕ ನನ್ನನ್ನು ಬದುಕಗೊಡುವುದಿಲ್ಲ. ಮೇಲೆ ಆಯಿ ಒಂದೇ ಸಲ ಅಂದಿದ್ದಾಳೆ! ಬಹುಶಃ ತಿರುಗಿರಬೇಕು, ನನಗೇ ಕಾಣಲಿಲ್ಲ ಅಂತ ನನಗೆ ನಾನೇ ಸುಳ್ಳು ಹೇಳಿಕೊಂಡೆ. ನಾಲ್ಕು ಫೋಟೊ ಆದವು. ಆಯಿ "ಉಸ್ಸಪ್ಪಾ, ಮುಗೀತು" ಎಂದು ಸೀರೆ ಬದಲಿಸಲು ಎದ್ದು ಹೋದಳು. ಆ ಮಧ್ಯಾಹ್ನ ನನಗೆ ಊಟ ಸೇರಲಿಲ್ಲ. ಹೋಳಿಗೆ ತಿಂದದ್ದು ಹೆಚ್ಚಾಗಿದೆ ಅಂದಳು ಅವ್ವ.

ಸಂಜೆ ಎಲ್ಲರೂ ಆಯಿಯನ್ನು ಕಳಿಸಲು ಕಾಲುವೆ ಸೇತುವೆಯ ಹತ್ತಿರ ಬಂದೆವು. ಗದ್ದೆಗಳಲ್ಲಿ ನಾಟಿ ನಡೆದಿತ್ತು, ಹಸಿ ಕೆಸರಿನ ವಾಸನೆ ಮೂಗಿಗೆ ಅಡರುತ್ತಿತ್ತು. ಚಹಾದಂಗಡಿಯ ಚಾಚಾ ಕೆಟಲಿ ಕೆಳಗೆ ಸ್ಟೋವ್ ಪಂಪು ಹೊಡೆಯುತ್ತಿದ್ದ. ಬಸ್ಸು ಬಂತು. ಅಕ್ಕ ಆಯಿಯ ಕೊರಳಿಗೆ ಜೋತುಬಿದ್ದು, "ಅಳಂಗಿಲ್ಲ ಆಯಿ, ನಿನ್ನ ಫೋಟೊ ಐತಲ್ಲ, ದಿನಾ ಮಾತಾಡಿಸ್ತೀನಿ," ಅಂದಳು. ಅಂದವಳೇ ಅತ್ತುಬಿಟ್ಟಳು.

ಆಯಿ ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದಳು. ನಾನು ಓಡಿಹೋಗಿ ಸೆರಗು ಹಿಡಿದು ಎಳೆದೆ.

"ಆಯಿ, ಹೋಗಬ್ಯಾಡ! ಫೋಟೊ ಬಂದಿಲ್ಲ! ಗುಂಡಿ ತಿರುಗಿಲ್ಲ! ನಾ ತುಪ್ಪದ ಕೈಲೆ ಹಾಕೀನಿ, ಮುಂಜಾನೇನs ನೋಡೀನಿ, ಹೇಳಿಲ್ಲ!"

ಅಪ್ಪ ಕೊರಳಲ್ಲಿದ್ದ ಕ್ಯಾಮೆರಾದ ಕಡ್ಡಿ ಎಳೆದು ನೋಡಿದ. ಗುಂಡಿ ಮಿಸುಕಲಿಲ್ಲ. ಅವನ ಮುಖ ಸಣ್ಣದಾಯಿತು. ಅಕ್ಕ ನನ್ನ ಜಡೆ ಹಿಡಿದು ಎಳೆದಳು. ಕಂಡಕ್ಟರು, "ಹತ್ತಬೇ ಯವ್ವಾ, ಟೈಮ್ ಆಗೈತಿ," ಎಂದು ಸೀಟಿ ಬಾಯಿಗೆ ಹಿಡಿದ.

ಆಯಿ ಒಮ್ಮೆ ಬಸ್ಸು ನೋಡಿದಳು, ಒಮ್ಮೆ ನನ್ನ ಮುಖ ನೋಡಿದಳು. ಮೆಟ್ಟಿಲಿನಿಂದ ಕಾಲು ತೆಗೆದಳು.

"ನೀ ನಡಿಯಪ್ಪಾ. ನಾ ನಾಳೆ ಬರ್ತೀನಿ," ಅಂದಳು ಕಂಡಕ್ಟರಿಗೆ. ಆಮೇಲೆ ಅಕ್ಕನ ಕೈಯಿಂದ ನನ್ನ ಜಡೆ ಬಿಡಿಸಿ, "ಬಿಡು ಬೇ ಅಕೀನ್ನ. ಅಕಿ ಹೇಳದಿದ್ರ ಯಾರಿಗಿ ತಿಳೀತಿತ್ತು? ಅಂಜಿಕೋತಾದ್ರೂ ಹೇಳ್ಯಾಳಲ್ಲ. ಇಕಿ ಸಲುವಾಗಿ ಒಂದು ಬಸ್ ಬಿಟ್ರ ನಂದೇನು ಗಂಟು ಹೋಗ್ತೈತಿ?" ಅಂದಳು.

ಬಸ್ಸು ಧೂಳೆಬ್ಬಿಸಿಕೊಂಡು ಹೋಯಿತು. ನಾನು ಅವಳ ಸೊಂಟ ತಬ್ಬಿ ಗಳಗಳ ಅತ್ತೆ. ಅಪ್ಪ ಮೆಲ್ಲಗೆ, "ಯವ್ವಾ, ನೀ ಒಂದs ಸಲ ಅಂದಿದ್ದಿ..." ಅಂತ ರಾಗ ಎಳೆದ.

"ಮೊದಲನೇದು ಬಂದs ಇಲ್ಲಂದ್ರ ಇದs ಮೊದಲನೇದು. ಅಷ್ಟೂ ಲೆಕ್ಕ ಬರಂಗಿಲ್ಲೇನು ನಿನಗ?" ಎಂದು ಆಯಿ ಚಹಾದಂಗಡಿ ಮುಂದಿನ ಬೇವಿನ ಕಟ್ಟೆಯ ಮೇಲೆ ಕೂತೇಬಿಟ್ಟಳು. ರೇಶ್ಮೆ ಇಲ್ಲ, ಪೌಡರಿಲ್ಲ. ತನ್ನ ನಿತ್ಯದ ಇಳಕಲ್ ಸೀರೆ.

ಅಪ್ಪ ಕ್ಯಾಮೆರಾವನ್ನು ನನ್ನ ಕಡೆಗೇ ಚಾಚಿದ. "ಕೈ ತೊಳ್ಕೊಂಡು ಬಾ. ನೀನs ಹಾಕು." ನನಗೆ ನಂಬಲಾಗಲಿಲ್ಲ. ಚಾಚಾ ಕೊಟ್ಟ ಸಾಬೂನಿನಿಂದ ತಿಕ್ಕಿ ತಿಕ್ಕಿ ತೊಳೆದು, ಒರೆಸಿ, ಬಿಸಿಲಿಗೆ ಬೆನ್ನು ಮಾಡಿ ಕೂತೆ. ಬಾಗಿಲು ತೆಗೆದರೆ ರೀಲಿನ ನಾಲಿಗೆ ಉರುಳೆಯಿಂದ ಕಳಚಿ ಸುಮ್ಮನೆ ಬಿದ್ದಿತ್ತು. ಸೀಳಿನಲ್ಲಿ ಸಿಗಿಸಿದೆ, ಎಳೆದು ನೋಡಿದೆ, ಹಲ್ಲಿಗೆ ಕೂಡಿಸಿದೆ, ಮುಚ್ಚಿದೆ. ಕಡ್ಡಿ ಎಳೆದಾಗ ಅಪ್ಪ, ಅವ್ವ, ಅಕ್ಕ, ಆಯಿ, ಚಾಚಾ ಎಲ್ಲರೂ ಬಗ್ಗಿ ಆ ಗುಂಡಿಯನ್ನೇ ನೋಡುತ್ತಿದ್ದರು. ಅದು ಮೆಲ್ಲಗೆ ಒಂದು ಸುತ್ತು ಸರಿಯಿತು. "ತಿರುಗಿತು!" ಎಂದು ಎಲ್ಲರಿಗಿಂತ ಮೊದಲು ಕೂಗಿದವಳು ಆಯಿ.

ಆದರೆ ಅಷ್ಟರಲ್ಲಿ ಹೊತ್ತು ಇಳಿದಿತ್ತು. ಕಟ್ಟೆಯ ಮೇಲೆ ನೆರಳು ಕವಿದಿತ್ತು. ಅಕ್ಕ ಮೀಟರು ಹಿಡಿದಳು, ಮುಳ್ಳು ಏಳಲೇ ಇಲ್ಲ. "ಸಾಲಂಗಿಲ್ಲಪ್ಪಾ," ಅಂದಳು ಅಳುವ ದನಿಯಲ್ಲಿ.

"ಠೈರೋ ಬೇಟಿ, ಸ್ವಲ್ಪ ತಡಿ, ಬೆಳಕ ನಾ ತರ್ತೀನಿ," ಎಂದು ಚಾಚಾ ಅಂಗಡಿಯೊಳಗೆ ಹೋಗಿ, ಭಜಿ ಇಡುವ ದೊಡ್ಡ ತಾಟನ್ನು ತಿಕ್ಕಿ ಹೊರತಂದ. ನೆರಳಿನ ಆಚೆ ಬಿಸಿಲಲ್ಲಿ ನಿಂತು ತಾಟನ್ನು ಅತ್ತ ಇತ್ತ ಹೊರಳಿಸಿದ. ಸಂಜೆಯ ಬಿಸಿಲು ತಾಟಿಗೆ ಬಡಿದು ಆಯಿಯ ಮುಖದ ಮೇಲೆ ಬಿತ್ತು. ಮುಳ್ಳು ಒಂದು ಮನೆ ಏರಿತು, ಎರಡು ಮನೆ ಏರಿತು. ಅಕ್ಕ ಅಂಕಿ ಕೂಗಿದಳು, ಅಪ್ಪ ಬಳೆ ತಿರುಗಿಸಿದ. "ಯವ್ವಾ, ಅಲ್ಲಾಡಬ್ಯಾಡ." ಅಲ್ಲಾಡದೆ ಇರುವುದು ಆಯಿಯ ಜಾತಕದಲ್ಲಿ ಇರಲಿಲ್ಲ. ಕೈ ಎತ್ತಿ, "ಚಾಚಾ, ನನ್ನ ಕಣ್ಣಾಗ ಬಿಡಾಕತ್ತೀ ನೋಡು ಬಿಸಲು!" ಅಂದಳು. ಅದೇ ಗಳಿಗೆಗೆ ಟಿಕ್ ಅಂತು.

ಅಪ್ಪ ಸಿಂಧನೂರಿನ ಸ್ಟುಡಿಯೋದಲ್ಲಿ ತೊಳೆಸಿಕೊಂಡು ಬರಲು ಎಂಟು ದಿನ ಹಿಡಿಯಿತು. ಎಂಟು ದಿನವೂ ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ. ಕವರು ಬಿಚ್ಚಿದರೆ ಆಯಿ ನಗುತ್ತಾ ಕೂತಿದ್ದಳು! ಎತ್ತಿದ ಕೈ ಮಾತ್ರ ಮಸುಕಾಗಿತ್ತು. ಫೋಟೊ ಬಂದ ಕೂಡಲೇ ತಂದುಕೊಡುತ್ತೇನೆ ಅಂತ ಅಪ್ಪ ಮಾತು ಕೊಟ್ಟಿದ್ದಕ್ಕೆ ಅಕ್ಕ ಅಷ್ಟರಲ್ಲಿ ಹಾಸ್ಟೆಲಿಗೆ ಹೋಗಿ ಆಗಿತ್ತು, ಅಪ್ಪ ಲಿಂಗಸುಗೂರಿಗೆ ಹೋಗಿ ಕೊಟ್ಟುಬಂದ. ಅವಳ ಮರುಟಪಾಲಿನಲ್ಲಿ ನನಗೂ ಎರಡು ಸಾಲು ಇದ್ದವು. ಜಡೆ ಎಳೆದದ್ದಕ್ಕೆ ಸಿಟ್ಟು ಮಾಡಿಕೊಳ್ಳಬೇಡ ಅಂತ ಬರೆದಿದ್ದಳು. ಎಮ್ಮೆಯ ಸುದ್ದಿ ಕೇಳುತ್ತೀರೇನು? ಆ ಒಂದು ರಾತ್ರಿ ಅದು ಕಾಕಾನಿಗೆ ಒದ್ದು ಚರಿಗೆ ಉರುಳಿಸಿತ್ತಂತೆ. ಆಯಿಗೆ ಮಾತ್ರ ಫೋಟೊದ ಹೆದರಿಕೆ ಹೋಗಿಬಿಟ್ಟಿತು. ಮುಂದಿನ ಸುಗ್ಗಿಗೆ ಓಣಿಯ ಮೂವರು ಮುದುಕಿಯರನ್ನು ಕಟ್ಟಿಕೊಂಡು ಬಂದು, "ಇವರದೂ ಹೊಡಿ, ಇನ್ನಾ ಗಟ್ಟಿ ಅದಾರ," ಎಂದು ಅಪ್ಪನ ಮುಂದೆ ಸಾಲಾಗಿ ಕೂಡಿಸಿದಳು.

ಈಗ ನೀವು ಫೋನು ಎತ್ತಿದರೆ ಸಾಕು. ಬೆಳಕನ್ನು ಅದೇ ಅಳೆಯುತ್ತದೆ, ಎರಡು ಕಂಡದ್ದನ್ನು ಅದೇ ಒಂದು ಮಾಡುತ್ತದೆ. ಕೆಟ್ಟರೆ ಅಳಿಸಿ ಮತ್ತೊಂದು ತೆಗೆಯುತ್ತೀರಿ, ಆಯಿಯ ಹಾಗೆ ಯಾರೂ ಕರಾರು ಹಾಕುವುದಿಲ್ಲ. ನನಗೆ ಅದನ್ನು ನೋಡಿದರೆ ಖುಷಿಯೇ. ಎಂಟು ದಿನ ನಿದ್ದೆಗೆಟ್ಟವಳಿಗೆ ಗೊತ್ತು ಅದರ ಸುಖ. ಆದರೆ ಮಕ್ಕಳೇ, ಫೋನು ತಪ್ಪದಿದ್ದರೂ ನೀವು ಒಂದಲ್ಲ ಒಂದು ದಿನ ತಪ್ಪುತ್ತೀರಿ. ಆಗ ಹೊಟ್ಟೆಯಲ್ಲಿಟ್ಟುಕೊಂಡು ಊಟ ಬಿಡಬೇಡಿ, ಸೀದಾ ನನ್ನ ಹತ್ತಿರ ಬನ್ನಿ. ನಾನು ಮೊದಲು ಬೈಯುತ್ತೇನೆ, ಅದಂತೂ ಗ್ಯಾರಂಟಿ. ಬೈದಾದ ಮೇಲೆ ಎಂಥ ಅವಸರದ ಬಸ್ಸಿದ್ದರೂ ಬಿಟ್ಟು, ನಿಮ್ಮ ಜೊತೆ ಕಟ್ಟೆಯ ಮೇಲೆ ಕೂಡುತ್ತೇನೆ.